ಹಿತ್ತಲಿಗೆ ಯಾವ ಮಾಡು?

ಮಾರ್ಚ್ ಮುಗಿಯೋ ಹೊತ್ತಿಗೆ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಓಡಾಡುತ್ತೆ: "ಹಿತ್ತಲಲ್ಲಿ ನಾಲ್ಕು ಕುರ್ಚಿ ಹಾಕೋಷ್ಟು ಜಾಗ ಇದೆ, ಮೇಲೆ ಏನು ಹಾಕಿಸ್ಲಿ?" ಉತ್ತರ ಬರೋದಕ್ಕೂ ತಡ ಇಲ್ಲ. ಒಬ್ಬರು ಪಾಲಿಕಾರ್ಬೊನೇಟ್ ಅಂತಾರೆ, ಇನ್ನೊಬ್ಬರು ಶೀಟ್ ಹೊಡೆಸಿಬಿಡಿ ಅಂತಾರೆ, ಮೂರನೆಯವರು ವೆಲ್ಡರ್ ನಂಬರನ್ನೇ ಕಳಿಸಿಬಿಡ್ತಾರೆ. ಆ ಜಾಗದಲ್ಲಿ ಯಾರು ಕೂರ್ತಾರೆ, ಯಾವ ಹೊತ್ತಲ್ಲಿ ಕೂರ್ತಾರೆ ಅಂತ ಮಾತ್ರ ಯಾರೂ ಕೇಳಲ್ಲ.

ಕೇಳಬೇಕಾದ್ದು ಅದನ್ನೇ. ಮೈಸೂರಿನಲ್ಲಿ ನಮ್ಮ ಪರಿಚಯದವರ ಮನೆಯೊಂದಿದೆ. ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಮನೆಯಲ್ಲಿ ಹಗಲೆಲ್ಲ ಇರೋದು ಅತ್ತೆ ಒಬ್ಬರೇ. ಹಿತ್ತಲನ್ನು ಗೋಡೆಯಿಂದ ಗೋಡೆಗೆ ಬಣ್ಣದ ತಗಡಿನ ಶೀಟ್ ಹಾಕಿಸಿ ಮುಚ್ಚಿದರು. ಒಗೆದ ಬಟ್ಟೆ ನೆನೆಯಲ್ಲ, ಬೈಕ್ ನಿಲ್ಲಿಸಬಹುದು, ಎಲ್ಲ ಅನುಕೂಲ. ಆದರೆ ಶೀಟ್ ಹಾಕಿಸೋ ದಿನವೇ ಅತ್ತೆ ಕೇಳಿದ್ದರಂತೆ: "ಅಲ್ಲಮ್ಮಾ, ಪೂರ್ತಿ ಮುಚ್ಚಿದ್ರೆ ನನ್ನ ತುಳಸಿಗೆ ಬಿಸಿಲೆಲ್ಲಿ? ಹಪ್ಪಳ ಎಲ್ಲಿ ಒಣಗಿಸ್ಲಿ?" ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಧ್ಯಾಹ್ನ ಆ ಶೀಟ್ ಕೆಳಗೆ ಕೂತರೆ ನೆತ್ತಿ ಕಾಯುತ್ತೆ. ಮಳೆ ಬಂದರೆ ಫೋನಲ್ಲಿ ಮಾತಾಡೋಕೂ ಆಗದಷ್ಟು ಸದ್ದು. ಈಗ ಅತ್ತೆ ಹಿತ್ತಲಿಗೆ ಹೋಗೋದೇ ಕಡಿಮೆ, ಟಿವಿ ಮುಂದೆ ಇರ್ತಾರೆ. ಇಪ್ಪತ್ತು ವರ್ಷ ಅವರದ್ದಾಗಿದ್ದ ಜಾಗ ಒಂದೇ ದಿನದಲ್ಲಿ ಬೈಕಿನದ್ದಾಯಿತು.

ಹಾಗಾಗಿ ನನ್ನ ಮೊದಲ ಸಲಹೆ: ಪೂರ್ತಿ ಮುಚ್ಚಬೇಡಿ. ಕೂರುವ ಜಾಗಕ್ಕೆ ಮಾಡು ಇರಲಿ, ಗಿಡಕ್ಕೂ ಹಪ್ಪಳಕ್ಕೂ ಆಕಾಶ ಇರಲಿ.

ಎರಡನೆಯದು, ನೆರಳು ಎಲ್ಲಿ ಬೀಳುತ್ತೆ ಅನ್ನೋ ಲೆಕ್ಕ. ಬೆಂಗಳೂರು, ಮೈಸೂರಿನ ಕಡೆ ಏಪ್ರಿಲ್ ಕೊನೆಯಲ್ಲಿ ನಡುಹಗಲ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರ್ತಾನೆ. ಆಗ ಮಾಡಿನ ನೆರಳು ನೇರ ಕೆಳಗೆ ಬೀಳುತ್ತೆ. ಸಂಜೆ ನಾಲ್ಕಕ್ಕೆ ನೋಡಿ, 8 ಅಡಿ ಎತ್ತರದ ಮಾಡಿನ ನೆರಳು 10-11 ಅಡಿ ಪೂರ್ವಕ್ಕೆ ಜಾರಿರುತ್ತೆ. ಅಂದರೆ 10 ಅಡಿ ಅಗಲದ ಚಂದದ ಮಾಡಿನ ಕೆಳಗೆ ಕಾಫಿ ಹಿಡಿದು ಕೂತವರ ಮುಖಕ್ಕೆ ಬಿಸಿಲು ಹೊಡೀತಾ ಇರುತ್ತೆ. ನಿಮ್ಮ ಹಿತ್ತಲು ಪಶ್ಚಿಮಕ್ಕೆ ತೆರೆದಿದ್ದರೆ ಮೇಲಿನ ಮಾಡಿಗಿಂತ ಪಕ್ಕದ ಬಿದಿರಿನ ಪರದೆಯೇ ಹೆಚ್ಚು ಉಪಯೋಗಕ್ಕೆ ಬರುತ್ತೆ, ಖರ್ಚೂ ಕಡಿಮೆ. ಲಾವಂಚದ ತಟ್ಟಿ ಸಿಕ್ಕಿದರೆ ಇನ್ನೂ ಒಳ್ಳೇದು, ನೀರು ಚಿಮುಕಿಸಿದರೆ ಗಾಳಿ ತಂಪಾಗಿ ಘಮ್ಮಂತ ಬರುತ್ತೆ.

ಬರೀ ಬಿಸಿಲಿಗಾದರೆ ಶೇಡ್ ನೆಟ್ ಸಾಕು. ಅದರ ಮೇಲೆ 50, 75, 90 ಅಂತ ಬರೆದಿರೋದು ಶೇಕಡಾ ಎಷ್ಟು ಬೆಳಕು ತಡೆಯುತ್ತೆ ಅನ್ನೋದಕ್ಕೆ. ಕೂರುವವರಿಗೆ 75 ಹಿತ. ಕೆಳಗೆ ಕುಂಡಗಳಿದ್ದರೆ 50ಕ್ಕಿಂತ ಮೇಲೆ ಹೋಗಬೇಡಿ. ಮಲ್ಲಿಗೆ, ಗುಲಾಬಿ, ತುಳಸಿಯನ್ನಂತೂ ನೆಟ್‌ನಿಂದ ಹೊರಗೇ ಇಡಿ. ಮಳೆ ಮಾತ್ರ ಇದರಲ್ಲಿ ಸೋರುತ್ತೆ, ಅದು ಗೊತ್ತಿರಲಿ.

ಮಳೆಗೂ ಬೇಕು, ಬೆಳಕೂ ಬೇಕು ಅನ್ನುವವರಿಗೆ ಪಾಲಿಕಾರ್ಬೊನೇಟ್. ಶೀಟ್ ಒಳ್ಳೆಯದೇ, ಹಾಕೋದರಲ್ಲೇ ಕೆಡೋದು ಜಾಸ್ತಿ. ಸಾಮಾನ್ಯವಾಗಿ ಬಿಸಿಲು ತಡೆಯುವ ಯುವಿ ಲೇಪನ ಒಂದೇ ಬದಿಗೆ ಇರುತ್ತೆ. ಯಾವ ಬದಿ ಅಂತ ಮೇಲಿನ ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚಾಗಿರುತ್ತೆ. ಅದನ್ನು ಮೊದಲೇ ಕಿತ್ತೆಸೆದು, ಶೀಟ್ ಉಲ್ಟಾ ಹಾಕಿದರೆ ಬೇಗ ಹಳದಿಯಾಗಿ ಪುಡಿಪುಡಿ ಆಗುತ್ತೆ. ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ನೋಡಿ, ನಾಚಿಕೆ ಬೇಡ. ಟೊಳ್ಳು ಶೀಟ್ ಆದರೆ ಒಳಗಿನ ಗೆರೆಗಳು ಇಳಿಜಾರಿನ ದಿಕ್ಕಿಗೇ ಇರಬೇಕು, ತುದಿಗಳಿಗೆ ಟೇಪ್ ಬೇಕು, ಇಲ್ಲವಾದರೆ ಒಳಗೆ ಪಾಚಿ ಕಟ್ಟುತ್ತೆ. ಇನ್ನೊಂದು, ಈ ಶೀಟ್ ಬಿಸಿಲಿಗೆ ಹಿಗ್ಗುತ್ತೆ. 3 ಮೀಟರ್ ಉದ್ದದ್ದು 30 ಡಿಗ್ರಿ ಕಾದರೆ ಸುಮಾರು 6 ಮಿಲಿಮೀಟರ್. ಸ್ಕ್ರೂಗೆ ಕೊರೆಯುವ ತೂತು ಸ್ವಲ್ಪ ಸಡಿಲ ಇಲ್ಲದಿದ್ದರೆ ಬಿರುಕು ಗ್ಯಾರಂಟಿ. ಪೂರ್ತಿ ಪಾರದರ್ಶಕ ಶೀಟ್ ಬೇಡ, ಕೆಳಗೆ ಬೇಯುತ್ತೆ. ಹಾಲುಬಿಳಿ ಬಣ್ಣದ್ದು ನೋಡಿ, ಬಿಸಿಗಾಳಿ ಹೊರಗೆ ಹೋಗೋಕೆ ಗೋಡೆಯ ಕಡೆ ಒಂದಷ್ಟು ಸಂದು ಬಿಡಿಸಿ.

ಮಂಗಳೂರು ಹೆಂಚು ನನಗಿಷ್ಟ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಲ್ಲಿ ಕಾರ್ಖಾನೆ ಶುರು ಮಾಡಿದಾಗಿನಿಂದ ನಮ್ಮ ಕರಾವಳಿಯ ಮಳೆ ತಡೆದ ಹೆಂಚದು. ಆದರೆ ಒಂದೊಂದು ಎರಡು ಕಿಲೋಗೂ ಹೆಚ್ಚು ತೂಗುತ್ತೆ, ಕಡಿದಾದ ಇಳಿಜಾರು ಬೇಕು, ಗಟ್ಟಿ ಚೌಕಟ್ಟು ಬೇಕು. ಟೆರೇಸ್ ಮೇಲೆ ಹಾಕಿಸೋ ಯೋಚನೆ ಇದ್ದರೆ ಎಂಜಿನಿಯರ್ ಹತ್ತಿರ ಒಂದು ಮಾತು ಕೇಳಿ.

ಇವೆಲ್ಲಕ್ಕಿಂತ ಹಳೆಯದು ಚಪ್ಪರ. ಮಲೆನಾಡಲ್ಲಿ ಅಡಿಕೆ ಕೊಯ್ಲಿನ ಹೊತ್ತಿಗೆ ಅಂಗಳದಲ್ಲಿ ಅಡಿಕೆ ಮರದ ಕಂಬ ನೆಟ್ಟು ಚಪ್ಪರ ಎಬ್ಬಿಸ್ತಾರೆ, ಮಳೆಗಾಲಕ್ಕೆ ಮುಂಚೆ ಬಿಚ್ಚಿಡ್ತಾರೆ. ಬೇಕಾದಾಗ ನೆರಳು, ಬೇಡವಾದಾಗ ಆಕಾಶ. ನಗರದ ಮನೆಗೂ ಈ ಬುದ್ಧಿ ಹೊಂದುತ್ತೆ. ಜಿಐ ಪೈಪಿನ ಚೌಕಟ್ಟು ಒಮ್ಮೆ ಮಾಡಿಸಿಟ್ಟುಕೊಳ್ಳಿ, ಬೇಸಿಗೆಗೆ ನೆಟ್ ಬಿಗಿಯಿರಿ, ಚಳಿಗಾಲದಲ್ಲಿ ಬಿಚ್ಚಿ. ಇಲ್ಲವೇ ಬಳ್ಳಿ ಹಬ್ಬಿಸಿ. ಚಪ್ಪರದವರೆ ಅಂತ ಹೆಸರಲ್ಲೇ ಚಪ್ಪರ ಇಟ್ಟುಕೊಂಡ ಕಾಯಿ ನಮ್ಮದು! ಹೀರೆ, ತೊಂಡೆ, ಪ್ಯಾಶನ್ ಫ್ರೂಟ್ ಎಲ್ಲವೂ ಆಗುತ್ತೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರದ ಕಡೆಯ ತೋಟಗಳಲ್ಲಿ ಬೆಂಗಳೂರು ನೀಲಿ ದ್ರಾಕ್ಷಿ ಬೆಳೆಯೋದೂ ಚಪ್ಪರದ ಮೇಲೇ. ಬಳ್ಳಿ ತುಂಬೋಕೆ ಸಮಯ ಹಿಡಿಯುತ್ತೆ, ಎಲೆ ಗುಡಿಸಬೇಕು, ಒಮ್ಮೊಮ್ಮೆ ಕಂಬಳಿ ಹುಳನೂ ಬೀಳುತ್ತೆ. ಅದಕ್ಕೆ ಒಪ್ಪಿಗೆ ಇದ್ದವರು ಮಾತ್ರ ಹಾಕಿ.

ಯಾವುದೇ ಹಾಕಿಸಿ, ಮೇ ತಿಂಗಳ ಗಾಳಿಮಳೆ ನೆನಪಿರಲಿ. ಆಗ ಗಾಳಿ ಮಾಡನ್ನು ಒತ್ತೋದಷ್ಟೇ ಅಲ್ಲ, ಕೆಳಗಿಂದ ಎತ್ತುತ್ತೆ ಕೂಡ. ಕಂಬಕ್ಕೆ ಕಾಂಕ್ರೀಟ್ ಬುಡ ಬೇಕೇ ಬೇಕು. ಟೆರೇಸ್ ಆದರೆ ನೆಲ ಕೊರೆದು ಬೋಲ್ಟ್ ಹೊಡೆಯೋಕೆ ಬಿಡಬೇಡಿ, ವಾಟರ್‌ಪ್ರೂಫಿಂಗ್ ಹೋಗುತ್ತೆ. ಶೀಟ್ ಮಾಡಿಗೆ 10 ಅಡಿಗೆ 10 ಇಂಚಾದರೂ ಇಳಿಜಾರು ಕೊಡಿಸಿ.

ನೀರು ಎಲ್ಲಿಗೆ ಬೀಳುತ್ತೆ ಅನ್ನೋದನ್ನೂ ನೋಡಿ. 10 ಅಡಿಗೆ 10 ಅಡಿಯ ಮಾಡಿನ ಮೇಲೆ 40 ಮಿಲಿಮೀಟರ್ ಮಳೆ ಸುರಿದರೆ 370 ಲೀಟರ್ ನೀರು. ಅದು ಪಕ್ಕದ ಮನೆಯವರ ಕಾಂಪೌಂಡಿಗೆ ಬಿದ್ದರೆ ಮುಂದಿನ ಯುಗಾದಿಗೆ ಅವರಿಂದ ಬೇವು-ಬೆಲ್ಲದಲ್ಲಿ ಬೇವು ಮಾತ್ರ ಬರುತ್ತೆ. ಒಂದು ದೋಣಿ, ಒಂದು ಪೈಪ್, ಕೆಳಗೊಂದು ಡ್ರಮ್ ಇಟ್ಟರೆ ಗಿಡಗಳಿಗಾಯಿತು. ಅಪಾರ್ಟ್‌ಮೆಂಟಿನ ನೆಲಮಹಡಿಯವರು ಅಸೋಸಿಯೇಷನ್ ಒಪ್ಪಿಗೆಯನ್ನು ಬರಹದಲ್ಲೇ ತಗೊಳ್ಳಿ.

ಅಡ್ವಾನ್ಸ್ ಕೊಡುವ ಮುಂಚೆ ಒಂದು ಕೆಲಸ ಮಾಡಿ. ಬರುವ ಭಾನುವಾರ ಎರಡು ಹಳೇ ಬೆಡ್‌ಶೀಟ್ ತಗೊಂಡು ಮಾಡು ಬರಬೇಕಾದ ಎತ್ತರದಲ್ಲಿ ಕಟ್ಟಿ. ಬೆಳಗ್ಗೆ ಹತ್ತಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ನಾಲ್ಕಕ್ಕೆ ನೆರಳಿನ ಅಂಚಿಗೆ ಚಾಕ್‌ಪೀಸಿನಲ್ಲಿ ಗೆರೆ ಎಳೆಯಿರಿ. ಮನೆಯಲ್ಲಿ ಹಗಲು ಇರುವವರು ಕುರ್ಚಿಯನ್ನು ಎಲ್ಲಿಗೆ ಎಳೆದುಕೊಳ್ಳುತ್ತಾರೆ ನೋಡಿ. ಕಂಬಕ್ಕೆ ಗುಂಡಿ ತೋಡಿಸೋದು ಆಮೇಲೆ.