ಹೊಗೆಯನ್ನೇ ನುಂಗುವ ಎಂಜಿನ್

ಅರಬೈಲ್ ಘಟ್ಟ ಹತ್ತಿ ಯಲ್ಲಾಪುರಕ್ಕೆ, ದೇವಿಮನೆ ಘಟ್ಟ ಹತ್ತಿ ಶಿರಸಿಗೆ, ದೊಡ್ಮನೆ ಘಟ್ಟ ಹತ್ತಿ ಸಿದ್ದಾಪುರಕ್ಕೆ ಬರುವ ವಾಹನಗಳು ಏದುಸಿರು ಬಿಡುತ್ತ ಕರಿ ಹೊಗೆ ಉಗುಳುವುದನ್ನು ನೋಡದವರಿಲ್ಲ. ಆದರೆ ಆ ಹೊಗೆಯ ಜೊತೆಗೆ ಕಣ್ಣಿಗೆ ಕಾಣದ ವಿಷವೂ ಇರುತ್ತದೆ.

ಗಾಳಿಯ ನೂರು ಪಾಲಿನಲ್ಲಿ 78 ಪಾಲು ಸಾರಜನಕ. ಅದು ಸಾಧು ಅನಿಲ, ಯಾರ ತಂಟೆಗೂ ಹೋಗುವುದಿಲ್ಲ. ಸಿಲಿಂಡರಿನೊಳಗಿನ ಉರಿ ಸುಮಾರು 1500 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಮಾತ್ರ ಅದೂ ಕೆರಳುತ್ತದೆ. ಆಮ್ಲಜನಕದೊಂದಿಗೆ ಕೂಡಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಶ್ವಾಸಕೋಶಕ್ಕೆ ಇದು ಕೆಟ್ಟದ್ದು. 2020ರ ಏಪ್ರಿಲ್ 1ರಂದು ಜಾರಿಗೆ ಬಂದ ಭಾರತ್ ಹಂತ-6ರ ನಿಯಮ, ಡೀಸೆಲ್ ಕಾರುಗಳಿಗೆ ಇದರ ಮಿತಿಯನ್ನು ಕಿಲೋಮೀಟರಿಗೆ 0.25 ಗ್ರಾಂನಿಂದ 0.08 ಗ್ರಾಂಗೆ ಇಳಿಸಿತು.

ಉರಿಯನ್ನು ತಗ್ಗಿಸುವುದು ಹೇಗೆ? ಅಡಿಕೆ ಬೇಯಿಸುವ ಒಲೆಯ ಮುಂದೆ ಕುಳಿತವರಿಗೆ ಇದು ಗೊತ್ತು. ಕೆಂಡದ ಮೇಲೆ ಬೂದಿ ಎಳೆದರೆ ಕಾವು ಇಳಿಯುತ್ತದೆ. ಬೂದಿ ಒಮ್ಮೆ ಉರಿದು ಮುಗಿದದ್ದು, ಮತ್ತೆ ಉರಿಯದು. ಎಂಜಿನ್ನಿನ 'ಬೂದಿ' ಎಂದರೆ ಅದು ಹೊರಬಿಡುವ ಹೊಗೆ. ಅದರಲ್ಲೊಂದು ಪಾಲನ್ನು ತಣಿಸಿ, ಒಳಹೋಗುವ ಗಾಳಿಗೆ ಬೆರೆಸಿದರೆ ಆಮ್ಲಜನಕದ ಪ್ರಮಾಣ ಇಳಿಯುತ್ತದೆ. ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡ್, ನೀರಾವಿಗಳು ಶಾಖವನ್ನು ಹೀರುತ್ತವೆ. ಇದೇ ಇ.ಜಿ.ಆರ್. ವ್ಯವಸ್ಥೆ.

ಎಷ್ಟು ಬೆರೆಸಬೇಕೆಂದು ತೀರ್ಮಾನಿಸುವುದು ವಾಹನದ ಪುಟ್ಟ ಕಂಪ್ಯೂಟರ್. ಎಂಜಿನ್ನಿನ ವೇಗ, ಅದರ ಬಿಸಿ, ಒಳಬರುವ ಗಾಳಿ, ಆಕ್ಸಿಲರೇಟರ್ ಒತ್ತಿದ ಪ್ರಮಾಣ ಇವನ್ನೆಲ್ಲ ಲೆಕ್ಕ ಹಾಕಿ ಅದು ಒಂದು ವಾಲ್ವನ್ನು ತೆರೆಯುತ್ತದೆ, ಮುಚ್ಚುತ್ತದೆ. ಘಟ್ಟದ ಏರಿನಲ್ಲಿ ಪೂರ್ತಿ ಶಕ್ತಿ ಬೇಕು. ಆಗ ವಾಲ್ವ್ ಬಹುಮಟ್ಟಿಗೆ ಮುಚ್ಚಿರುತ್ತದೆ. ಘಟ್ಟ ಮುಗಿದು ಮಟ್ಟಸ ರಸ್ತೆ ಸಿಕ್ಕಿತೋ, ತೆರೆದುಕೊಳ್ಳುತ್ತದೆ.

ತೊಂದರೆ ಬರುವುದು ಮಸಿಯಿಂದ. ಮಸಿ ಕಟ್ಟಿ ವಾಲ್ವ್ ತೆರೆದೇ ಉಳಿದರೆ ಗಾಡಿ ಏರಿನಲ್ಲಿ ಬಸವಳಿಯುತ್ತದೆ, ಕರಿ ಹೊಗೆ ಕಾರುತ್ತದೆ. ಆಗ ಕೆಲವರು ತಗಡಿನ ತುಂಡು ಇಡಿಸಿ ಆ ದಾರಿಯನ್ನೇ ಮುಚ್ಚಿಸುತ್ತಾರೆ. ಗಾಡಿ ಚುರುಕಾಗುತ್ತದೆ, ಕರಿ ಹೊಗೆಯೂ ಕಡಿಮೆಯಾಗುತ್ತದೆ. ತಪಾಸಣೆಯಲ್ಲಿ ಪಾಸಾಗುತ್ತದೆ ಕೂಡ. ಏಕೆಂದರೆ ಡೀಸೆಲ್ ಗಾಡಿಗಳ ಹೊಗೆ ತಪಾಸಣೆ ಅಳೆಯುವುದು ಹೊಗೆಯ ದಟ್ಟಣೆಯನ್ನು, ನೈಟ್ರೋಜನ್ ಆಕ್ಸೈಡನ್ನಲ್ಲ. ಅದು ಯಾರ ಲೆಕ್ಕಕ್ಕೂ ಸಿಗದೆ, ರಸ್ತೆ ಬದಿಯಲ್ಲಿ ಶಾಲೆಯ ಬಸ್ಸಿಗೆ ಕಾದು ನಿಂತ ಮಕ್ಕಳ ಉಸಿರಿಗೆ ಸೇರುತ್ತದೆ.

ವಾಲ್ವ್ ಬಿಚ್ಚಿ ಮಸಿ ತೆಗೆಸುವುದು, ಕೆಟ್ಟಿದ್ದರೆ ಬದಲಾಯಿಸುವುದೇ ಸರಿಯಾದ ರಿಪೇರಿ. ಗಾಡಿ ಗ್ಯಾರೇಜಿನಿಂದ ಬಂದ ದಿನ ಮಕ್ಕಳು ಒಂದು ಪ್ರಶ್ನೆ ಕೇಳಬಹುದು: "ಅಪ್ಪಾ, ಮಸಿ ತೆಗೆಸಿದ್ಯೋ, ದಾರಿ ಮುಚ್ಚಿಸಿದ್ಯೋ?"