ಕದ್ದ ತಂತ್ರಾಂಶ, ಕದವಿಲ್ಲದ ಮನೆ

ನಮಾಝ್‌ನ ಸಮಯವನ್ನು ತಿಳಿಸುವ, ಕಿಬ್ಲಾದ ದಿಕ್ಕನ್ನು ತೋರಿಸುವ ಆ್ಯಪ್ ಇಂದು ಅನೇಕ ಮುಸ್ಲಿಮ್ ಮನೆಗಳ ಮೊಬೈಲ್‌ಗಳಲ್ಲಿದೆ. ಪ್ರಯಾಣದಲ್ಲಿರುವವನಿಗೆ, ಪರವೂರಿನ ಹಾಸ್ಟೆಲ್‌ನಲ್ಲಿದ್ದು ಓದುವ ಮಗಳಿಗೆ ಅದರಿಂದಾಗುವ ಉಪಕಾರ ಸಣ್ಣದಲ್ಲ. ಇಂಥವುಗಳ ಪೈಕಿ ಬಹು ಜನಪ್ರಿಯವಾದ ‘ಮುಸ್ಲಿಮ್ ಪ್ರೊ’ ಆ್ಯಪನ್ನು 2020ರ ಹೊತ್ತಿಗೆ ಜಗತ್ತಿನಾದ್ಯಂತ 9.8 ಕೋಟಿಗೂ ಹೆಚ್ಚು ಬಾರಿ ಇಳಿಸಿಕೊಳ್ಳಲಾಗಿತ್ತು. ಆ ವರ್ಷದ ನವೆಂಬರ್‌ನಲ್ಲಿ ಅಮೆರಿಕದ ‘ಮದರ್‌ಬೋರ್ಡ್’ ಎಂಬ ಸುದ್ದಿತಾಣ ಒಂದು ಸಂಗತಿಯನ್ನು ಬಯಲಿಗೆಳೆಯಿತು. ಬಳಕೆದಾರರು ಯಾವ ಹೊತ್ತಿನಲ್ಲಿ ಎಲ್ಲಿದ್ದಾರೆಂಬ ವಿವರ ಈ ಆ್ಯಪ್‌ನಿಂದ ‘ಎಕ್ಸ್-ಮೋಡ್’ ಎಂಬ ಕಂಪೆನಿಗೆ ಹೋಗುತ್ತಿತ್ತು. ಆ ಕಂಪೆನಿಯಿಂದ ಮಾಹಿತಿಯನ್ನು ಕೊಳ್ಳುತ್ತಿದ್ದವರಲ್ಲಿ ಅಮೆರಿಕದ ಸೇನೆಗೆ ಕೆಲಸ ಮಾಡುವ ಗುತ್ತಿಗೆದಾರರೂ ಇದ್ದರು.

ಸುದ್ದಿ ಹೊರಬಿದ್ದಾಗ ಮುಸ್ಲಿಮ್ ಪ್ರೊ ಸಂಸ್ಥೆಯು ತಾನು ಸೇನೆಗೆ ನೇರವಾಗಿ ಏನನ್ನೂ ಮಾರಿಲ್ಲವೆಂದು ಹೇಳಿತು ಮತ್ತು ಎಕ್ಸ್-ಮೋಡ್‌ನೊಂದಿಗಿನ ನಂಟನ್ನು ಕಡಿದುಕೊಂಡಿತು. 2024ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಜನರು ಯಾವ ಆರಾಧನಾಲಯಕ್ಕೆ, ಯಾವ ಆಸ್ಪತ್ರೆಗೆ ಹೋಗುತ್ತಾರೆಂಬಂತಹ ಸೂಕ್ಷ್ಮ ಮಾಹಿತಿಯನ್ನು ಮಾರದಂತೆ ಎಕ್ಸ್-ಮೋಡ್‌ನ ಉತ್ತರಾಧಿಕಾರಿ ಕಂಪೆನಿಯನ್ನು ನಿರ್ಬಂಧಿಸಿತು. ಪ್ರಕರಣ ಅಲ್ಲಿಗೆ ಮುಗಿಯಿತೆನ್ನಬಹುದು. ಆದರೆ ಅದು ಎತ್ತಿದ ಪ್ರಶ್ನೆ ಮುಗಿಯಲಿಲ್ಲ.

ಇಲ್ಲಿ ಯಾರೂ ಬೀಗ ಒಡೆದು ಒಳನುಗ್ಗಲಿಲ್ಲ. ‘ಒಪ್ಪಿಗೆಯಿದೆ’ ಎಂಬ ಗುಂಡಿಯನ್ನು ಒತ್ತಿದವರು ಬಳಕೆದಾರರೇ. ಅನುಮತಿ ಪಡೆಯದೆ, ಸಲಾಮ್ ಹೇಳದೆ ಪರರ ಮನೆಯನ್ನು ಪ್ರವೇಶಿಸಬಾರದೆಂದು ಅನ್ನೂರ್ ಅಧ್ಯಾಯವು ಕಲಿಸಿದೆ. ಪರರ ಗುಟ್ಟನ್ನು ಅರಸುತ್ತ ಗೂಢಚರ್ಯೆ ನಡೆಸಬಾರದೆಂದು ಅಲ್‌ಹುಜುರಾತ್ ಅಧ್ಯಾಯವು ತಾಕೀತು ಮಾಡಿದೆ. ಮನೆಯ ಗೌರವವನ್ನು ಇಷ್ಟು ಗಂಭೀರವಾಗಿ ಪರಿಗಣಿಸುವ ಸಮುದಾಯವೊಂದು, ಮನೆಮಂದಿಯ ಮಾತು, ಚಿತ್ರ, ಓಡಾಟ, ಕಾಯಿಲೆ, ಸಾಲ ಎಲ್ಲವನ್ನೂ ತುಂಬಿಕೊಂಡಿರುವ ಮೊಬೈಲ್‌ನ ಬಾಗಿಲನ್ನು ಓದದೆ, ಯೋಚಿಸದೆ ತೆರೆದಿಡುವುದೇಕೆ? ಪುಕ್ಕಟೆಯಾಗಿ ಸಿಗುತ್ತದೆಂಬ ಒಂದೇ ಕಾರಣಕ್ಕಾಗಿ!

ಗೂಗಲ್, ಫೇಸ್‌ಬುಕ್‌ನಂತಹ ಕಂಪೆನಿಗಳು ನಮ್ಮಿಂದ ಶುಲ್ಕ ವಸೂಲಿ ಮಾಡದೆಯೂ ಜಗತ್ತಿನ ಅತಿ ಶ್ರೀಮಂತ ಸಂಸ್ಥೆಗಳಾಗಿ ಬೆಳೆದವು. ಅವುಗಳ ಆದಾಯದ ಬಹುಪಾಲು ಜಾಹೀರಾತಿನದು. ಯಾರಿಗೆ ಯಾವ ಜಾಹೀರಾತನ್ನು ತೋರಿಸಬೇಕೆಂದು ತಿಳಿಯಲು ಅವು ನಮ್ಮನ್ನು ತಿಳಿಯಬೇಕು. ಹೆಚ್ಚು ಜಾಹೀರಾತು ತೋರಿಸಲು ನಮ್ಮ ಕಣ್ಣನ್ನು ಪರದೆಗೆ ಕಟ್ಟಿಹಾಕಬೇಕು. ಮನುಷ್ಯನನ್ನು ಕಟ್ಟಿಹಾಕುವ ಶಕ್ತಿ ಸದ್ವಿಚಾರಕ್ಕಿಂತ ಕೋಪಕ್ಕೆ, ಭಯಕ್ಕೆ, ದ್ವೇಷಕ್ಕೆ ಹೆಚ್ಚು. ಇದರ ಕಹಿಫಲವನ್ನು ಮ್ಯಾನ್ಮಾರ್‌ನ ರೋಹಿಂಗ್ಯಾ ಮುಸ್ಲಿಮರು ಉಂಡರು. 2017ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಂದಿ ಜೀವ ಉಳಿಸಿಕೊಳ್ಳಲು ಬಾಂಗ್ಲಾದೇಶಕ್ಕೆ ಓಡಿಬರಬೇಕಾಯಿತು. ಅವರ ವಿರುದ್ಧ ದ್ವೇಷ ಹರಡಲು ತನ್ನ ವೇದಿಕೆ ಬಳಕೆಯಾಗುವುದನ್ನು ತಡೆಯಲು ತಾನು ಸಾಕಷ್ಟು ಮಾಡಲಿಲ್ಲವೆಂದು ಫೇಸ್‌ಬುಕ್ 2018ರಲ್ಲಿ ಒಪ್ಪಿಕೊಂಡಿತು. ಮನೆ ಸುಟ್ಟ ಬಳಿಕ ಬಂದ ಒಪ್ಪಿಗೆಯದು. ಹಾಗೆಂದು ದೋಷವೆಲ್ಲ ಕಂಪೆನಿಯದೇ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಬಂದ ಸುದ್ದಿಯನ್ನು ಪರಿಶೀಲಿಸದೆ ನಂಬಬಾರದೆಂಬ ಆಜ್ಞೆಯೂ ಅದೇ ಅಲ್‌ಹುಜುರಾತ್ ಅಧ್ಯಾಯದಲ್ಲಿದೆ. ನಮ್ಮ ಕುಟುಂಬದ, ಜಮಾಅತ್‌ನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅದು ಎಷ್ಟರ ಮಟ್ಟಿಗೆ ಪಾಲನೆಯಾಗುತ್ತಿದೆ?

ಕಂಪೆನಿಗಳ ಬಗ್ಗೆ ಇಷ್ಟು ಹೇಳಿದ ಮೇಲೆ ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ. ಹೋಟೆಲಿಗೆ ಹೋದರೆ ಮಾಂಸ ಹಲಾಲ್ ಹೌದೇ ಎಂದು ಎರಡೆರಡು ಬಾರಿ ವಿಚಾರಿಸುವ ನಾವು, ಅಂಗಡಿಯ ಲೆಕ್ಕ ಬರೆಯುವ ಕಂಪ್ಯೂಟರಿನಲ್ಲಿರುವ ತಂತ್ರಾಂಶ ಎಲ್ಲಿಂದ ಬಂತೆಂದು ಎಂದಾದರೂ ವಿಚಾರಿಸಿದ್ದೇವೆಯೇ? ಡಿಟಿಪಿ ಕೇಂದ್ರಗಳಲ್ಲಿ, ಶಾಲೆಗಳಲ್ಲಿ, ಮದ್ರಸಾಗಳ ಕಚೇರಿಗಳಲ್ಲೂ ನಕಲಿ ವಿಂಡೋಸ್, ಬೀಗ ಮುರಿದ ಫೋಟೋಶಾಪ್ ಕಾಣಸಿಗುವುದು ಅಪರೂಪವೇನಲ್ಲ. ಮದುವೆಯ ಕರೆಯೋಲೆಯಿಂದ ಹಿಡಿದು ಧಾರ್ಮಿಕ ಸಭೆಯ ಭಿತ್ತಿಪತ್ರದವರೆಗೆ ಎಷ್ಟೋ ಬರಹಗಳು ಕದ್ದ ಸಾಧನದಿಂದ ಸಿದ್ಧವಾಗುತ್ತಿವೆ. ಲೋಕವನ್ನೇ ಸುಲಿಯುವ ಕಂಪೆನಿಯಿಂದ ಒಂದಿಷ್ಟು ಕದ್ದರೆ ತಪ್ಪೇನು ಎಂದು ವಾದಿಸುವವರಿದ್ದಾರೆ. ಸುಲಿಗೆಕೋರನ ಸುಲಿಗೆ ನಮ್ಮ ಕಳವನ್ನು ಧರ್ಮಬದ್ಧಗೊಳಿಸದು. 1988ರಲ್ಲಿ ಕುವೈತ್‌ನಲ್ಲಿ ಸಭೆ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು, ಗ್ರಂಥಕರ್ತನ ಮತ್ತು ಆವಿಷ್ಕಾರ ಮಾಡಿದವನ ಹಕ್ಕುಗಳು ಶರೀಅತ್‌ನ ಪ್ರಕಾರ ರಕ್ಷಣೆಗೆ ಅರ್ಹವೆಂದೂ ಅವುಗಳನ್ನು ಅತಿಕ್ರಮಿಸಬಾರದೆಂದೂ ನಿರ್ಣಯಿಸಿದೆ. ಇನ್ನು ಲೌಕಿಕ ನಷ್ಟವನ್ನು ನೋಡಿದರೂ, ಬೀಗ ಮುರಿದ ತಂತ್ರಾಂಶದೊಂದಿಗೆ ವೈರಸ್ ಬರುವುದು ಮಾಮೂಲು.

ಹಾಗಾದರೆ ಸಾವಿರಾರು ರೂಪಾಯಿ ತೆರಲಾಗದ ಸಣ್ಣ ವ್ಯಾಪಾರಿ, ಬಡ ವಿದ್ಯಾರ್ಥಿ ಏನು ಮಾಡಬೇಕು? ಕದಿಯದೆಯೂ, ತನ್ನನ್ನು ಮಾರಿಕೊಳ್ಳದೆಯೂ ನಡೆಯಬಹುದಾದ ದಾರಿಯೊಂದು ನಾಲ್ಕು ದಶಕಗಳಿಂದ ನಮ್ಮ ಮುಂದಿದೆ. ಅದೇ ಮುಕ್ತ ತಂತ್ರಾಂಶ.

ಅಮೆರಿಕದ ಎಂಐಟಿಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರು ಕೆಲಸ ಮಾಡುತ್ತಿದ್ದರು. ಅಲ್ಲಿನ ಮುದ್ರಣಯಂತ್ರ ಆಗಾಗ ಕೆಡುತ್ತಿತ್ತು. ಅದರ ತಂತ್ರಾಂಶದ ಮೂಲ ಬರಹ ಸಿಕ್ಕಿದ್ದರೆ ಅವರು ಅದನ್ನು ಸುಧಾರಿಸಬಲ್ಲವರಾಗಿದ್ದರು. ಆದರೆ ಗುಟ್ಟು ಕಾಯುವ ಕರಾರಿನ ಕಾರಣ ಅದನ್ನು ಕೊಡಲು ನಿರಾಕರಿಸಲಾಯಿತು. ತಿಳಿದವನು ತಿಳಿವನ್ನು ಬಚ್ಚಿಡುವ ಈ ಪದ್ಧತಿ ಅವರಿಗೆ ಅನ್ಯಾಯವಾಗಿ ಕಂಡಿತು. 1983ರಲ್ಲಿ ಅವರು ‘ಗ್ನು’ ಯೋಜನೆಯನ್ನು ಘೋಷಿಸಿದರು. ತಂತ್ರಾಂಶವನ್ನು ಬೇಕಾದಂತೆ ಬಳಸುವ, ಬಿಚ್ಚಿ ನೋಡಿ ತಿದ್ದುವ, ಇತರರಿಗೆ ಹಂಚುವ, ತಿದ್ದಿದ್ದನ್ನೂ ಹಂಚುವ ಸ್ವಾತಂತ್ರ್ಯ ಎಲ್ಲರಿಗೂ ಇರಬೇಕೆಂಬುದು ಅವರ ವಾದ. 1989ರಲ್ಲಿ ಅವರು ರೂಪಿಸಿದ ಪರವಾನಗಿ ಪತ್ರದಲ್ಲಿ ಒಂದು ವಿಶೇಷ ಷರತ್ತಿದೆ. ಹೀಗೆ ಪಡೆದ ತಂತ್ರಾಂಶವನ್ನು ಸುಧಾರಿಸಿ ಇತರರಿಗೆ ಕೊಡುವವನು ಅದೇ ಸ್ವಾತಂತ್ರ್ಯಗಳೊಂದಿಗೆ ಕೊಡಬೇಕು. ತನ್ನ ಖಾಸಗಿ ಸೊತ್ತಾಗಿಸಿಕೊಳ್ಳುವಂತಿಲ್ಲ.

ವಕ್ಫ್ ಏನೆಂದು ಬಲ್ಲವರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ವಕ್ಫ್ ಮಾಡಿದ ಬಾವಿಯ ನೀರನ್ನು ಎಲ್ಲರೂ ಸೇದಬಹುದು, ಬಾವಿಯನ್ನು ಯಾರೂ ಮಾರುವಂತಿಲ್ಲ. ಸ್ಟಾಲ್‌ಮನ್ ಮುಸ್ಲಿಮರಲ್ಲ, ಅವರು ಯಾವ ಧರ್ಮವನ್ನೂ ನಂಬಿದವರಲ್ಲ. ಆದರೆ ಮರಣಾನಂತರವೂ ಪುಣ್ಯ ಹರಿದು ಬರುವ ಕರ್ಮಗಳಲ್ಲಿ ಜನರಿಗೆ ಉಪಕಾರವಾಗುವ ಜ್ಞಾನವನ್ನೂ ಸೇರಿಸಿದ ಪ್ರವಾದಿವರ್ಯರ(ಸ) ಅನುಯಾಯಿಗಳಿಗೆ ಈ ವಿಚಾರ ಪರಕೀಯವಾಗಬಾರದಿತ್ತು. ಅಲ್‌ಗಾರಿದಮ್ ಎಂಬ ಪದ ಬಗ್ದಾದ್‌ನ ವಿದ್ವಾಂಸ ಅಲ್‌ಖ್ವಾರಿಝ್ಮಿಯವರ ಹೆಸರಿನಿಂದ ಬಂತೆಂದು ವೇದಿಕೆಗಳಲ್ಲಿ ಹೆಮ್ಮೆಪಡುತ್ತೇವೆ. ಆ ಭಾಷಣದ ಕರಪತ್ರ ಮುದ್ರಣವಾಗುವುದು ಮಾತ್ರ ಕದ್ದ ತಂತ್ರಾಂಶದಲ್ಲಿ!

ಈ ದಾರಿ ಬರೀ ಆದರ್ಶವಾಗಿ ಉಳಿಯಲಿಲ್ಲ. 1991ರಲ್ಲಿ ಫಿನ್ಲೆಂಡ್‌ನ 21ರ ಹರೆಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇದೇ ಪರವಾನಗಿಯಡಿ ಬೆಳೆಯಿತು. 2017ರ ನವೆಂಬರ್‌ನಲ್ಲಿ ಪ್ರಕಟವಾದ ಜಗತ್ತಿನ 500 ಅತಿ ಬಲಿಷ್ಠ ಕಂಪ್ಯೂಟರ್‌ಗಳ ಪಟ್ಟಿಯಲ್ಲಿದ್ದ ಎಲ್ಲವೂ ಲಿನಕ್ಸ್‌ನಲ್ಲೇ ಕೆಲಸ ಮಾಡುತ್ತಿದ್ದವು. ನಮ್ಮ ನೆರೆಯ ಕೇರಳದ ಸರಕಾರಿ ಶಾಲೆಗಳು ಮುಕ್ತ ತಂತ್ರಾಂಶವನ್ನು ಬಳಸತೊಡಗಿ ವರ್ಷಗಳೇ ಸಂದಿವೆ. 2019ರಲ್ಲಿ ಅಲ್ಲಿನ ‘ಕೈಟ್’ ಸಂಸ್ಥೆಯು ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರ್‌ಗಳಿಗೆ ತನ್ನದೇ ಲಿನಕ್ಸ್ ಆವೃತ್ತಿಯನ್ನು ಸಿದ್ಧಪಡಿಸಿದಾಗ ಉಳಿತಾಯವನ್ನು ಸುಮಾರು 3,000 ಕೋಟಿ ರೂಪಾಯಿ ಎಂದು ಅಂದಾಜಿಸಲಾಗಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯಬಹುದಾದುದನ್ನು ಮಂಗಳೂರು, ಭಟ್ಕಳ, ಕಲಬುರಗಿಯ ನಮ್ಮ ಮಕ್ಕಳು ಕಲಿಯಲಾರರೇ?

ಮುಕ್ತ ತಂತ್ರಾಂಶವೆಂದರೆ ಕುಂದಿಲ್ಲದ ಲೋಕವೆಂದು ಭಾವಿಸಬೇಕಾಗಿಲ್ಲ. ಆಂಡ್ರಾಯ್ಡ್‌ನ ತಳಪಾಯ ಲಿನಕ್ಸ್, ಆದರೆ ಅದರ ಮೇಲೆ ಕಟ್ಟಿದ ಮಾರುಕಟ್ಟೆಯ ಬೀಗದ ಕೈ ಗೂಗಲ್‌ನ ಬಳಿಯಿದೆ. ಆ ಪ್ರಾಬಲ್ಯದ ದುರುಪಯೋಗಕ್ಕಾಗಿ ಭಾರತದ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್‌ನಲ್ಲಿ 1,337.76 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಹಂಚುವವರ ಶ್ರಮದಿಂದ ಲಾಭ ಬಾಚಿಕೊಳ್ಳುವವರು ಅಲ್ಲೂ ಇದ್ದಾರೆ. ಸಂಬಳವಿಲ್ಲದೆ ದುಡಿಯುವವರು ದಣಿಯುವುದೂ ಉಂಟು. ಲಿನಕ್ಸ್‌ನಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ‘ಎಕ್ಸ್‌ಝಡ್’ ಎಂಬ ಸಣ್ಣ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದ ಸ್ವಯಂಸೇವಕರ ವಿಶ್ವಾಸವನ್ನು ಗಳಿಸಿಕೊಂಡವನೊಬ್ಬ ಅದರೊಳಗೆ ಕಳ್ಳಬಾಗಿಲನ್ನು ಸೇರಿಸಿದ್ದು 2024ರ ಮಾರ್ಚ್‌ನಲ್ಲಿ ಬಯಲಾಯಿತು. ಅರ್ಧ ಸೆಕೆಂಡಿನ ವಿಳಂಬವನ್ನು ಗಮನಿಸಿದ ಇಂಜಿನಿಯರ್ ಒಬ್ಬರು ಬಿಚ್ಚಿ ನೋಡಿದ್ದರಿಂದ ಅದು ಪತ್ತೆಯಾಯಿತು. ಬಿಚ್ಚಿ ನೋಡಲು ಅವಕಾಶವಿದ್ದುದೇ ಅಲ್ಲಿ ರಕ್ಷಣೆಯಾಯಿತು. ಆದರೆ ನೋಡಿಕೊಳ್ಳುವವರಿಲ್ಲದ ವಕ್ಫ್ ಸೊತ್ತಿನ ಗತಿಯೇನೆಂದು ನಮ್ಮ ಸಮುದಾಯಕ್ಕೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಬಳಸುವವರು ಕೈಲಾದಷ್ಟು ದೇಣಿಗೆಯನ್ನೂ, ಬಲ್ಲವರು ದುಡಿಮೆಯನ್ನೂ ನೀಡಬೇಕು.

ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಮ್ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ದಾವೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆದರೆ ಬಾಗಿಲು ಹಾಕಿಕೊಳ್ಳುವ ಕೆಲಸವನ್ನು ನ್ಯಾಯಾಲಯ ಮಾಡಿಕೊಡದು.

ಅದು ಆರಂಭವಾಗಬೇಕಾದುದು ನಮ್ಮ ಸಂಸ್ಥೆಗಳಿಂದ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಹೊಸ ಆವೃತ್ತಿಯನ್ನು ತಾಳಿಕೊಳ್ಳದ ಹಳೆಯ ಕಂಪ್ಯೂಟರ್‌ಗಳು ಮದ್ರಸಾ, ಶಾಲೆಗಳ ಮೂಲೆಯಲ್ಲಿದ್ದರೆ ಅವುಗಳಿಗೆ ಲಿನಕ್ಸ್ ಅಳವಡಿಸಲಿ. ಪತ್ರ, ಲೆಕ್ಕಗಳಿಗೆ ಲಿಬ್ರೆಆಫೀಸ್ ಸಾಕು. ಊರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಒಂದು ರಜಾದಿನವನ್ನು ಇದಕ್ಕಾಗಿ ಮೀಸಲಿಡಲಿ. ಮನೆಯಲ್ಲಿ ತಂದೆತಾಯಿಯರು ಮಕ್ಕಳನ್ನು ಜೊತೆಯಲ್ಲಿ ಕೂರಿಸಿಕೊಂಡು, ಮೊಬೈಲ್‌ನಲ್ಲಿರುವ ಯಾವ ಆ್ಯಪ್‌ಗೆ ಏನೇನು ನೋಡುವ ಅನುಮತಿ ಕೊಟ್ಟಿದ್ದೇವೆಂದು ಒಂದು ಸಂಜೆ ಪರಿಶೀಲಿಸಲಿ; ಅಗತ್ಯವಿಲ್ಲದ್ದನ್ನು ಹಿಂಪಡೆಯಲಿ. ಹೊಸದನ್ನು ಕಲಿಯುವಾಗ ಒಂದೆರಡು ವಾರ ತೊಡಕಾದೀತು. ಹಲಾಲ್ ಸಂಪಾದನೆಗಾಗಿ ಕಷ್ಟಪಡಬೇಕೆಂದು ಮಕ್ಕಳಿಗೆ ಉಪದೇಶಿಸುವ ನಾವು, ಅಷ್ಟು ಕಷ್ಟವನ್ನಾದರೂ ಅವರ ಕಣ್ಣೆದುರಿಗೆ ಪಡಬೇಡವೇ?