ಬರಡೆಂದು ಕಲಿಸಿದ ಪಾಠ



ಥಾರ್ ಮರುಭೂಮಿಯ ಪಾಠವನ್ನು ನಾನು ನನ್ನ ಸೇವಾವಧಿಯಲ್ಲಿ ಮೂವತ್ತು ಸಲವಾದರೂ ಮಾಡಿರಬೇಕು. ನಿಮ್ಮಲ್ಲಿ ಹಲವರು ಆ ಪಾಠವನ್ನು ಕೇಳಿದವರೇ. ‘ಮರಳು, ಒಂಟೆ, ಮುಳ್ಳುಗಿಡ, ಉಳಿದೆಲ್ಲ ಬರಡು’ ಎಂದು ಹಲಗೆಯ ಮೇಲೆ ಬರೆದು, ಪರೀಕ್ಷೆಯಲ್ಲಿ ಅದನ್ನೇ ಒಪ್ಪಿಸಿದವರಿಗೆ ಪೂರ್ತಿ ಅಂಕ ಕೊಡುತ್ತಿದ್ದೆ. ಆ ಭೂಮಿಯನ್ನು ಕಣ್ಣಾರೆ ಕಾಣುವ ಯೋಗ ಒದಗಿದ್ದು ಮಾತ್ರ ನಿವೃತ್ತನಾಗಿ ಹನ್ನೆರಡು ವರ್ಷಗಳಾದ ಮೇಲೆ, 2026ರ ಜನವರಿಯಲ್ಲಿ. ಕಂಡು ಬಂದ ಮೇಲೆ ನಿಮಗೆ ಒಂದು ತಿದ್ದುಪಡಿಯನ್ನು ಬರೆಯದೆ ಇದ್ದರೆ ಮನಸ್ಸಿಗೆ ಸಮಾಧಾನವಿಲ್ಲವೆನಿಸಿತು.

ನಾವು ನಾಲ್ವರು ಗೆಳೆಯರು. ಇಬ್ಬರು ನನ್ನಂತೆಯೇ ಮಾಸ್ತರಿಕೆ ಮಾಡಿದವರು. ನಾಲ್ಕನೆಯವರು ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರರಾಗಿ ನಿವೃತ್ತರಾದವರು. ಮುಪ್ಪಿನಲ್ಲಿ ಅಂಟಿಕೊಂಡ ಪಕ್ಷಿವೀಕ್ಷಣೆಯ ಗೀಳು ನಮ್ಮನ್ನು ಒಂದುಗೂಡಿಸಿದೆ. ಜೋಧಪುರದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬಾಡಿಗೆ ಕಾರಿನಲ್ಲಿ ಖೀಚನ್, ಪೋಖರಣ್, ಜೈಸಲ್ಮೇರ್ ಮಾರ್ಗವಾಗಿ ಎಂಟು ದಿನ ಸುತ್ತಿದೆವು. ಕಾರು ನಡೆಸಿದವನು ಜೈಸಲ್ಮೇರ್ ಕಡೆಯ ತರುಣ. ನಾನು ಶಿಕ್ಷಕನಾಗಿದ್ದೆನೆಂದು ತಿಳಿದ ಗಳಿಗೆಯಿಂದ ‘ಗುರೂಜೀ’ ಎಂದೇ ಕರೆಯತೊಡಗಿದ. ಕೊನೆಗೆ ಪಾಠ ಹೇಳಿದವನು ಅವನೇ.

ಮೊದಲ ದಿನವೇ ಖೇಜಡ್ಲಿಗೆ ಹೋದೆವು. 1730ರಲ್ಲಿ ಜೋಧಪುರದ ಅರಸನ ಆಳುಗಳು ಅರಮನೆಯ ಕೆಲಸಕ್ಕೆಂದು ಮರ ಕಡಿಯಲು ಬಂದಾಗ, ಅಮೃತಾದೇವಿಯೆಂಬ ಬಿಷ್ಣೋಯಿ ಹೆಣ್ಣುಮಗಳು ಮರವನ್ನಪ್ಪಿ ನಿಂತು ಪ್ರಾಣ ಕೊಟ್ಟಳು. ಅವಳ ಹಿಂದೆ ಒಟ್ಟು 363 ಜನ ಅಳಿದರು. ಅವರು ಕಾಯ್ದ ಆ ಖೇಜಡಿ ಮರ ಯಾವುದೆಂದು ಹತ್ತಿರ ಹೋಗಿ ನೋಡಿದರೆ, ಅದು ವಿಜಯದಶಮಿಯಂದು ನಾವು ಪೂಜಿಸುವ ಬನ್ನಿಯ ಮರ! ಅಲ್ಲಿಯವರು ಅದರ ಎಳೆಗಾಯಿಗಳನ್ನು ಒಣಗಿಸಿಟ್ಟುಕೊಂಡು ಪಲ್ಯ ಮಾಡುತ್ತಾರೆ, ಸೊಪ್ಪನ್ನು ಆಡಿಗೆ ಮೇಯಿಸುತ್ತಾರೆ. ಸಜ್ಜೆಯ ರೊಟ್ಟಿಯೊಡನೆ ಆ ಪಲ್ಯವನ್ನು ಉಣ್ಣುವಾಗ, ಊರು ಬಿಟ್ಟು ಬಹಳ ದೂರ ಬಂದಿದ್ದೇವೆಂದು ನನಗೆ ಅನ್ನಿಸಲಿಲ್ಲ.

ಮರುದಿನ ಬೆಳಗಿನ ಚಳಿಯಲ್ಲಿ ಖೀಚನ್ ಗ್ರಾಮದ ಚುಗ್ಗಾಘರ್ ಎಂಬ, ಹಕ್ಕಿಗಳಿಗೆ ಕಾಳು ಹಾಕುವ ಆವರಣದ ಬಳಿ ನಿಂತೆವು. ದೂರದ ಮಧ್ಯ ಏಷ್ಯಾ ಮತ್ತು ಮಂಗೋಲಿಯಾಗಳಿಂದ ಹಾರಿಬರುವ ಡೆಮಾಯ್ಸೆಲ್ ಕ್ರೇನ್ ಎಂಬ ಕ್ರೌಂಚಗಳನ್ನು ಅಲ್ಲಿನವರು ‘ಕುರ್ಜಾ’ ಎನ್ನುತ್ತಾರೆ. ಬೂದು ಮೈ, ಕಪ್ಪು ಕೊರಳು, ಕಿವಿಯ ಹಿಂದೆ ಬಿಳಿಯ ಕುಚ್ಚು. ಸಾವಿರಾರು ಹಕ್ಕಿಗಳು ಸಾಲುಸಾಲಾಗಿ ಬಂದಿಳಿದು ಊರಿನವರು ಚೆಲ್ಲಿದ ಕಾಳನ್ನು ಹೆಕ್ಕುತ್ತಿದ್ದವು. ಊರವರೇ ದಶಕಗಳಿಂದ ನಡೆಸಿಕೊಂಡು ಬಂದಿರುವ ಸೇವೆ ಇದು. 2025ರಲ್ಲಿ ಖೀಚನ್ ರಾಮ್ಸರ್ ಪಟ್ಟಿಗೆ ಸೇರಿತು. ನಾನು ‘ಬರಡು’ ಎಂದು ಬರೆಸಿದ ನೆಲಕ್ಕೆ ಈ ಹಕ್ಕಿಗಳು ಹಿಮಾಲಯವನ್ನು ದಾಟಿ ಬರುತ್ತವೆ.

ಆದರೆ ನಾವು ಹೊರಟದ್ದು ಮುಖ್ಯವಾಗಿ ಇನ್ನೊಂದು ಹಕ್ಕಿಯನ್ನು ಅರಸಿ. ಅಲ್ಲಿ ಅದು ಗೋಡಾವಣ್, ರಾಜಸ್ಥಾನದ ರಾಜ್ಯಪಕ್ಷಿ, ನಮ್ಮಲ್ಲಿ ಎರೆಭೂತ. ಗಂಡುಹಕ್ಕಿ ಹದಿನೈದು ಕಿಲೋವರೆಗೂ ತೂಗಬಲ್ಲದು. ಹಾರುವ ಹಕ್ಕಿಗಳಲ್ಲಿ ಅತ್ಯಂತ ಭಾರವಾದವುಗಳ ಸಾಲಿಗೆ ಸೇರಿದ್ದು. ನಮ್ಮ ರಾಷ್ಟ್ರಪಕ್ಷಿ ಯಾವುದಾಗಬೇಕೆಂಬ ಚರ್ಚೆ ನಡೆದಾಗ ಸಲೀಂ ಅಲಿಯವರು ಇದರ ಪರವಾಗಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಸಂದಿತು. ಇಂದು ದೇಶದಲ್ಲಿ ಉಳಿದಿರುವ ಎರೆಭೂತಗಳು ಸುಮಾರು ನೂರೈವತ್ತು ಎಂದು ಅಂದಾಜು. ಬಹುಪಾಲು ಜೈಸಲ್ಮೇರ್ ಜಿಲ್ಲೆಯಲ್ಲಿವೆ. ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಕಾಣಿಸಿಕೊಂಡಿದ್ದವು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಒಂದು ಕಾಲಕ್ಕೆ ಇದ್ದವು, ಈಗ ಇಲ್ಲ.

ಜೈಸಲ್ಮೇರಿನ ಪಶ್ಚಿಮಕ್ಕೆ, ರಾಷ್ಟ್ರೀಯ ಮರುಭೂಮಿ ಉದ್ಯಾನದ ಸುದಾಸರಿ ಎಂಬಲ್ಲಿ ಎರಡು ದಿನ ಕಾದೆವು. ಸೇವಣ್ ಎಂಬ ಹುಲ್ಲು ಮಂಡಿಯೆತ್ತರ ಬೆಳೆದ ಬಯಲು. ಚಿಂಕಾರಗಳು, ನರಿ, ರಣಹದ್ದುಗಳು ಕಂಡವು. ಎರಡನೆಯ ದಿನ ಸಂಜೆ ಬಿಸಿಲು ಇಳಿಯುತ್ತಿರುವಾಗ ನಮ್ಮ ತರುಣ ಮಾತಿಲ್ಲದೆ ಕೈಯೆತ್ತಿ ತೋರಿಸಿದ. ಬಹುದೂರದಲ್ಲಿ ಎರಡು ಹಕ್ಕಿಗಳು, ತಲೆಯ ಮೇಲೆ ಕಪ್ಪು ಟೋಪಿ, ನೀಳವಾದ ಬಿಳಿಯ ಕೊರಳು, ಯಾರಿಗೂ ಅಂಜದ ನಡಿಗೆ. ಹತ್ತು ನಿಮಿಷದಲ್ಲಿ ಹುಲ್ಲಿನ ಮರೆಗೆ ಸರಿದುಹೋದವು. ನಾಲ್ವರು ಮುದುಕರೂ ಎಷ್ಟೋ ಹೊತ್ತು ಮಾತಾಡಲಿಲ್ಲ.

ಮರಳುವ ದಾರಿಯಲ್ಲಿ ವಾದ ಹತ್ತಿತು. ರಸ್ತೆಯ ಇಕ್ಕೆಲಗಳಲ್ಲಿ ಗಾಳಿಯಂತ್ರಗಳು, ಸೌರಫಲಕಗಳು, ತಂತಿಯ ಮೇಲೆ ತಂತಿ. ಎರೆಭೂತದ ಕಣ್ಣುಗಳು ತಲೆಯ ಇಬ್ಬದಿಗಳಲ್ಲಿವೆ. ಎದುರಿನ ನೋಟ ಕಿರಿದು. ತಂತಿ ಕಂಡಾಗ ಅಷ್ಟು ಭಾರದ ದೇಹ ತಟ್ಟನೆ ಹೊರಳಲಾರದು. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆಯನ್ನು ಬರಿನೆಲದ ಮೇಲೆ ಇಡುತ್ತದೆ. ಹೀಗಾಗಿ ತಂತಿಗೆ ಬಡಿದು ಸತ್ತ ಒಂದೊಂದು ಹಕ್ಕಿಯೂ ತುಂಬಲಾರದ ನಷ್ಟ. ಎಂಜಿನಿಯರ್ ಮಿತ್ರರು ಸುಮ್ಮನಿರಲಿಲ್ಲ. “ಕಲ್ಲಿದ್ದಲಿನ ಹೊಗೆ ಬೇಡ, ಅಣೆಕಟ್ಟು ಬೇಡ, ಬಿಸಿಲಿನ ವಿದ್ಯುತ್ತೂ ಬೇಡವೆಂದರೆ ನಿಮ್ಮ ಮನೆಯ ದೀಪ ಉರಿಯುವುದು ಹೇಗೆ, ಮಾಸ್ತರೇ? ಅಧಿಕ ಒತ್ತಡದ ತಂತಿಗಳನ್ನು ನೆಲದೊಳಗೆ ಹೂಳುವುದೆಂದರೆ ನೀರಿನ ಕೊಳವೆ ಹಾಕಿದಷ್ಟು ಸುಲಭವೇ?” ಎಂದರು. ಅವರ ಮಾತಿನಲ್ಲಿ ಸತ್ಯವಿತ್ತು. ಸರ್ವೋಚ್ಚ ನ್ಯಾಯಾಲಯವೂ ಈ ತೊಡಕನ್ನು ಎದುರಿಸಿದೆ. 2021ರ ಏಪ್ರಿಲ್‌ನಲ್ಲಿ, ಹಕ್ಕಿಯ ಮುಖ್ಯ ನೆಲೆಗಳಲ್ಲಿ ತಂತಿಗಳನ್ನು ಸಾಧ್ಯವಿದ್ದಲ್ಲೆಲ್ಲ ನೆಲದಡಿಗೆ ಇಳಿಸಬೇಕೆಂದು ಆದೇಶಿಸಿತು. 2024ರ ಮಾರ್ಚ್‌ನಲ್ಲಿ ಅದನ್ನು ಸಡಿಲಿಸಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. 2025ರ ಡಿಸೆಂಬರ್‌ನಲ್ಲಿ, ಆದ್ಯತೆಯ ಪ್ರದೇಶಗಳನ್ನು ಮರುಗುರುತಿಸಿದ ಸಮಿತಿಯ ಶಿಫಾರಸುಗಳನ್ನು ಅಂಗೀಕರಿಸಿತು.

ಆಗ ಕಾರು ನಡೆಸುತ್ತಿದ್ದ ತರುಣ ಹಿಂದಿಯಲ್ಲಿ ಹೇಳಿದ: “ಗುರೂಜೀ, ನನ್ನ ಚಿಕ್ಕಪ್ಪನೇ ಸೌರಸ್ಥಾವರದಲ್ಲಿ ಕಾವಲುಗಾರ. ಆ ಕೆಲಸದಿಂದ ಮನೆ ನಡೆಯುತ್ತದೆ. ನಮಗೆ ನೋವಾಗುವುದು ಬೇರೆ ಮಾತಿಗೆ. ಇದು ಖಾಲಿ ಬಿದ್ದ ನೆಲ ಎಂದು ಕಾಗದದಲ್ಲಿ ಬರೆಯುತ್ತಾರಲ್ಲ, ಅದಕ್ಕೆ. ನಮ್ಮ ಒಂಟೆ, ಕುರಿ ಎಲ್ಲಿ ಮೇಯುತ್ತವೆ ಹಾಗಾದರೆ?” ಅಲ್ಲಿ ‘ಓರಣ್’ಗಳೆಂಬ, ದೇವರ ಹೆಸರಿನಲ್ಲಿ ಬಿಟ್ಟ ಹುಲ್ಲುಗಾವಲುಗಳಿವೆ, ನಮ್ಮ ಕೊಡಗಿನ ದೇವರಕಾಡುಗಳಿದ್ದಂತೆ. ಅಲ್ಲಿ ಯಾರೂ ಮರ ಕಡಿಯುವುದಿಲ್ಲ, ದನ ಮೇಯಬಹುದು. ಆದರೆ ಎಷ್ಟೋ ಓರಣ್‌ಗಳು ಕಂದಾಯದ ದಾಖಲೆಯಲ್ಲಿ ಓರಣ್ ಎಂದು ನಮೂದಾಗಲೇ ಇಲ್ಲ. ದಾಖಲೆಯಲ್ಲಿ ಪಾಳು ಎಂದಿದ್ದರೆ ಅದನ್ನು ಕೇಳಿದವರಿಗೆ ಕೊಡುವುದು ಸುಲಭ.

ಆ ಮಾತು ನನ್ನನ್ನು ಕುಟುಕಿತು. ಏಕೆಂದರೆ ಅದೇ ಮಾತನ್ನು ನಾನೂ ಕಲಿಸಿದವನು. ಕಲಿಸಿದ್ದಷ್ಟೇ ಅಲ್ಲ, ಮಾಡಿದವನು. ನಿಮಗೆ ನೆನಪಿರಬಹುದು, ಪ್ರತಿ ವರ್ಷ ಜುಲೈ ತಿಂಗಳ ವನಮಹೋತ್ಸವದಲ್ಲಿ ನಿಮ್ಮನ್ನು ಸಾಲಾಗಿ ನಡೆಸಿಕೊಂಡು ಊರಾಚೆಯ ಗೋಮಾಳಕ್ಕೆ ಹೋಗಿ, ‘ಈ ಬೀಳನ್ನು ಹಸಿರು ಮಾಡೋಣ’ ಎಂದು ನೀಲಗಿರಿ ಸಸಿಗಳನ್ನು ನೆಡಿಸುತ್ತಿದ್ದೆ. ಗುಂಡಿ ತೋಡಿ ನಿಮ್ಮ ಅಂಗೈಗಳಲ್ಲಿ ಬೊಬ್ಬೆ ಎದ್ದವು. ಸಸಿಗಳು ಬೆಳೆದವು, ನಮಗೆಲ್ಲ ಹೆಮ್ಮೆಯಾಯಿತು. ಹುಲ್ಲು ಹೋಯಿತು. ಕುರಿಗಾಹಿಗಳು ಬೇರೆ ದಿಕ್ಕಿಗೆ ಹೊರಟರು. ಆ ಬಯಲಿನಲ್ಲಿ ತಾವು ಹುಡುಗರಾಗಿದ್ದಾಗ ಎರೆಭೂತವನ್ನು ಕಂಡಿದ್ದೆವೆಂದು ಹೇಳುತ್ತಿದ್ದ ಹಿರಿಯರೊಬ್ಬರಿದ್ದರು. ಅವರ ಮಾತನ್ನು ನಾನು ಕಥೆಯೆಂದು ತಳ್ಳಿಹಾಕಿದೆ. ನೆರಳಿಲ್ಲದ ಭೂಮಿಯೆಂದರೆ ಬದುಕಿಲ್ಲದ ಭೂಮಿ ಎಂದು ನಂಬಿದ್ದೆ. ಅದು ಸದುದ್ದೇಶದಿಂದ ಮಾಡಿದ ತಪ್ಪು, ತಪ್ಪು ತಪ್ಪೇ.

ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಬಿಸಿಲಿನ ವಿದ್ಯುತ್ತನ್ನು ನಾನು ವಿರೋಧಿಸುವುದಿಲ್ಲ. ನಮ್ಮ ಪಾವಗಡದಲ್ಲೇ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ರೈತರ ಭೂಮಿಯನ್ನು ಗುತ್ತಿಗೆಗೆ ಪಡೆದು ಮಾಡಿದ್ದು. ಅಂಥವು ಇನ್ನೂ ಬರುತ್ತವೆ, ಬರಬೇಕು. ಆದರೆ ಎಲ್ಲಿ ಬರಬೇಕೆಂದು ನಿರ್ಧರಿಸುವ ಮುನ್ನ, ಆ ನೆಲದಲ್ಲಿ ಈಗಾಗಲೇ ಯಾರು ಬದುಕುತ್ತಿದ್ದಾರೆಂದು ನೋಡಬೇಕು: ಯಾವ ಹಕ್ಕಿ, ಯಾವ ಹುಲ್ಲು, ಯಾವ ಕುರಿಗಾಹಿ. ‘ಬೀಳು’, ‘ಪಾಳು’, ‘ಖರಾಬು’ ಎಂದು ಬರೆದುಬಿಟ್ಟರೆ ನೋಡುವ ಕೆಲಸವೇ ಉಳಿಯುವುದಿಲ್ಲ. ಹಕ್ಕಿ ಸಾಯುವುದು ತಂತಿಗೆ ಬಡಿದಾಗ. ಅದರ ಸಾವಿಗೆ ಒಪ್ಪಿಗೆ ಸಿಗುವುದು ಆ ಶಬ್ದ ಬರೆದಾಗ.

ಆಶೆಗೂ ಕಾರಣಗಳಿವೆ. ಜೈಸಲ್ಮೇರ್ ಜಿಲ್ಲೆಯ ಸಮ್ ಮತ್ತು ರಾಮದೇವರಾಗಳ ಸಂತಾನಾಭಿವೃದ್ಧಿ ಕೇಂದ್ರಗಳಲ್ಲಿ ಬೆಳೆಯುತ್ತಿರುವ ಎರೆಭೂತಗಳ ಸಂಖ್ಯೆ ಐವತ್ತನ್ನು ದಾಟಿದೆ. 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಮರಿಯೊಂದು ಹುಟ್ಟಿತು. ಆದರೆ ಆ ಮರಿಗಳನ್ನು ಮುಂದೆ ಬಿಡುವುದಕ್ಕೆ ಬಯಲು ಬೇಕಲ್ಲ? ಅದನ್ನು ಯಾವ ಪ್ರಯೋಗಾಲಯವೂ ಹುಟ್ಟಿಸಿಕೊಡಲಾರದು.

ನಿಮ್ಮಲ್ಲಿ ಕೆಲವರು ಇಂದು ಕಂದಾಯ ಇಲಾಖೆಯಲ್ಲಿದ್ದೀರಿ, ಒಂದಿಬ್ಬರು ಸೌರವಿದ್ಯುತ್ ಕಂಪನಿಗಳಲ್ಲಿದ್ದೀರಿ, ಹಲವರು ನನ್ನಂತೆಯೇ ಪಾಠ ಹೇಳುತ್ತಿದ್ದೀರಿ. ಕಡತದಲ್ಲಿಯೋ ನಕ್ಷೆಯಲ್ಲಿಯೋ ಕಪ್ಪುಹಲಗೆಯ ಮೇಲೋ ‘ಪಾಳು’ ಎಂದು ಬರೆಯುವ ಸಂದರ್ಭ ನಿಮಗೆ ಬಂದೀತು. ಆಗ ಒಂದು ಗಳಿಗೆ ಕೈ ತಡೆದು, ಆ ನೆಲಕ್ಕೆ ಒಮ್ಮೆ ಹೋಗಿ ಬನ್ನಿ. ಸಾಧ್ಯವಾದರೆ ಮುಂಜಾವಿನಲ್ಲಿ ಹೋಗಿ, ಅಲ್ಲಿ ಕುರಿ ಮೇಯಿಸುವವರನ್ನು ಮಾತಾಡಿಸಿ.

ಮಾಸ್ತರನೊಬ್ಬ ಕಲಿಸಿದ್ದನ್ನು ಹಿಂದಕ್ಕೆ ಪಡೆಯಲು ಶಾಲೆಯಲ್ಲಿ ಅವಕಾಶವಿಲ್ಲ. ಉತ್ತರಪತ್ರಿಕೆಗಳು ಎಂದೋ ರದ್ದಿಗೆ ಹೋಗಿವೆ. ಆದ್ದರಿಂದ ಇಲ್ಲಿ ಬರೆದಿದ್ದೇನೆ. ‘ಉಳಿದೆಲ್ಲ ಬರಡು’ ಎಂಬ ಸಾಲನ್ನು ದಯವಿಟ್ಟು ಹೊಡೆದುಹಾಕಿಕೊಳ್ಳಿ.

ಶುಭವಾಗಲಿ.

ನಿಮ್ಮ ಮಾಸ್ತರು